ಕನ್ನಡಕವನ್ನು ರಜೆಯವರೆಗೆ ಮುಂದೂಡಬೇಡಿ

ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಬರುವವರ ಬಳಿ ಒಂದು ಉದ್ದನೆಯ ಪಟ್ಟಿ ಇರುತ್ತದೆ. ತಂಗಿಯ ನಿಕಾಹ್, ಮನೆಯ ರಿಪೇರಿ, ಬ್ಯಾಂಕಿನ ಕೆಲಸ, ಹಲ್ಲುನೋವು, ಕನ್ನಡಕ. ಈ ಪಟ್ಟಿಯಲ್ಲಿ ಕನ್ನಡಕ ಹೆಚ್ಚಾಗಿ ಕೊನೆಯಲ್ಲಿರುತ್ತದೆ. ವಿಮಾನಕ್ಕೆ ಎರಡು ದಿನ ಇರುವಾಗ ಅಂಗಡಿಗೆ ಓಡಿ, ನಾಳೆ ಸಂಜೆಯೊಳಗೆ ಬೇಕೆಂದು ಒತ್ತಾಯಿಸಿ, ಮಾಡಿಸಿಕೊಂಡು ಹೊರಟುಬಿಡುತ್ತಾರೆ. ರಿಯಾದ್‌ಗೋ ದುಬೈಗೋ ತಲುಪಿದ ಮೇಲೆ ತಲೆನೋವು ಶುರುವಾಗುತ್ತದೆ, ಮೆಟ್ಟಿಲು ಓರೆಯಾಗಿ ಕಾಣುತ್ತದೆ. ಸರಿಪಡಿಸಿಕೊಡಬೇಕಾದ ಅಂಗಡಿ ಮಾತ್ರ ಸಮುದ್ರದ ಈಚೆ ಇರುತ್ತದೆ. ಮುಂದಿನ ರಜೆಯವರೆಗೆ ಗೀರು ಬಿದ್ದ ಹಳೆಯ ಕನ್ನಡಕವೇ ಗತಿ.

ಈ ರೂಢಿಯನ್ನು ನಾವು ಬಿಡಬೇಕು. ಕಣ್ಣಿನ ಪರೀಕ್ಷೆ ನೀವು ದುಡಿಯುವ, ವಾಹನ ಓಡಿಸುವ, ಮಕ್ಕಳನ್ನು ಶಾಲೆಗೆ ಕಳುಹಿಸುವ ಊರಿನಲ್ಲೇ ನಡೆಯಬೇಕು. ಕನ್ನಡಕ ಎಂಬುದು ಮದ್ದಿನಂತೆ. ಅಳತೆ ತಪ್ಪಿದರೆ ತೊಂದರೆ ಕೊಡುತ್ತದೆ, ಆಗ ಅದನ್ನು ಕೊಟ್ಟವರು ಕೈಗೆ ಸಿಗುವಂತಿರಬೇಕು.

“ಅಲ್ಲಿ ಬಹಳ ದುಬಾರಿ ಡಾಕ್ಟ್ರೇ” ಎಂದು ನೀವು ಹೇಳಬಹುದು. ಮಾತು ಸುಳ್ಳಲ್ಲ. ಹೆಸರುವಾಸಿ ಕಂಪೆನಿಯ ಫ್ರೇಮ್ ಕೊಂಡರೆ ತಿಂಗಳ ಉಳಿತಾಯದ ಒಂದು ಭಾಗವೇ ಹೋಗುತ್ತದೆ. ಆದರೆ ನೋಟವನ್ನು ಸರಿಪಡಿಸುವುದು ಲೆನ್ಸ್, ಫ್ರೇಮ್ ಅಲ್ಲ. ಈಗಿರುವ ಫ್ರೇಮ್ ಗಟ್ಟಿಯಾಗಿದ್ದರೆ ಅದಕ್ಕೇ ಹೊಸ ಲೆನ್ಸ್ ಹಾಕಿಕೊಡಲು ಕೇಳಿ. ವಿಮಾ ಕಾರ್ಡಿನಲ್ಲಿ ಕಣ್ಣಿನ ಪರೀಕ್ಷೆ ಸೇರಿದೆಯೇ, ಕನ್ನಡಕ ಸೇರಿದೆಯೇ ಎಂದು ಬೇರೆಬೇರೆಯಾಗಿ ವಿಚಾರಿಸಿ. ಅಷ್ಟಾಗಿಯೂ ಊರಿನಲ್ಲೇ ಮಾಡಿಸುವುದಾದರೆ ರಜೆಯ ಮೊದಲ ವಾರದಲ್ಲೇ ಮಾಡಿಸಿ. ಹೊಸ ಕನ್ನಡಕಕ್ಕೆ ಕಣ್ಣು ಒಗ್ಗಿಕೊಳ್ಳಲು ಕೆಲವು ದಿನ ಬೇಕು, ತಪ್ಪಿದ್ದರೆ ತಿದ್ದಿಸಲು ಇನ್ನೂ ಕೆಲವು ದಿನ ಬೇಕು.

ಒಳ್ಳೆಯ ಅಂಗಡಿಯನ್ನು ಗುರುತಿಸುವುದು ಹೇಗೆ? ದೀಪಗಳ ಝಗಮಗ ನೋಡಬೇಡಿ, ಪರೀಕ್ಷೆ ಮಾಡುವವರು ಯಾರೆಂದು ಕೇಳಿ. ದುಬೈಯಲ್ಲಿ ಆಪ್ಟೋಮೆಟ್ರಿಸ್ಟ್‌ಗಳಿಗೆ ಅಲ್ಲಿನ ಆರೋಗ್ಯ ಪ್ರಾಧಿಕಾರದ ಪರವಾನಗಿ ಇರಬೇಕು. ಸೌದಿಯಲ್ಲಿ ಆರೋಗ್ಯ ವೃತ್ತಿಗಳ ಆಯೋಗದಲ್ಲಿ ನೋಂದಣಿ ಇರಬೇಕು. ಪರವಾನಗಿ ತೋರಿಸಿ ಎನ್ನಲು ಸಂಕೋಚ ಬೇಡ. ಯಂತ್ರದ ಮುಂದೆ ಗಲ್ಲ ಇಡಿಸಿ, ಅದು ಕೊಟ್ಟ ಅಂಕಿಯನ್ನೇ ಬರೆದುಕೊಟ್ಟರೆ ಅದು ಪರೀಕ್ಷೆಯಲ್ಲ. ಯಂತ್ರದ ಅಂಕಿ ಪರೀಕ್ಷೆಯ ಆರಂಭ ಮಾತ್ರ. ಒಳ್ಳೆಯವರು ನಿಮ್ಮ ಕೆಲಸವೇನು, ದಿನಕ್ಕೆಷ್ಟು ಹೊತ್ತು ವಾಹನ ಓಡಿಸುತ್ತೀರಿ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳುತ್ತಾರೆ. ಹಳೆಯ ಕನ್ನಡಕದ ಪವರ್ ಅಳೆಯುತ್ತಾರೆ. ಒಂದೊಂದು ಕಣ್ಣನ್ನೂ ಪ್ರತ್ಯೇಕವಾಗಿ ನೋಡುತ್ತಾರೆ. ಹೊಸ ಪವರನ್ನು ಪರೀಕ್ಷಾ ಫ್ರೇಮಿಗೆ ಹಾಕಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ.

ದುಬೈಯಲ್ಲಿ ವಾಹನ ಚಾಲನಾ ಪರವಾನಗಿಗಾಗಿ ಕನ್ನಡಕದಂಗಡಿಯಲ್ಲಿ ಕಣ್ಣು ತೋರಿಸಿದವರು “ನನ್ನ ಕಣ್ಣು ಪಾಸಾಗಿದೆ” ಎನ್ನುವುದುಂಟು. ಆ ಪರೀಕ್ಷೆ ಇರುವುದು ರಸ್ತೆ ಕಾಣುವಷ್ಟು ನೋಟ ಇದೆಯೇ ಎಂದು ತಿಳಿಯಲು. ಕಣ್ಣಿನ ಆರೋಗ್ಯಕ್ಕೆ ಅದು ಪ್ರಮಾಣಪತ್ರವಲ್ಲ.

ಪರೀಕ್ಷೆಯ ಚೀಟಿಯನ್ನು ಕೇಳಿ ಪಡೆಯಿರಿ. ಅಮೆರಿಕದಲ್ಲಿ ಕೇಳದಿದ್ದರೂ ಚೀಟಿ ಕೊಡಬೇಕೆಂಬ ನಿಯಮ 1978ರಲ್ಲೇ ಬಂದಿದೆ. ನೀವು ಯಾವ ದೇಶದಲ್ಲಿದ್ದರೂ ಅದರ ಫೋಟೋ ಮೊಬೈಲಿನಲ್ಲಿರಲಿ. ಎಸ್‌ಪಿಎಚ್ ಎಂದರೆ ಮುಖ್ಯ ಪವರ್. ಮುಂದೆ ಮೈನಸ್ ಇದ್ದರೆ ದೂರದ್ದು ಮಸುಕು. ಸಿವೈಎಲ್ ಎಂಬುದು ಕಣ್ಣಿನ ವಕ್ರತೆಯ ದೋಷಕ್ಕೆ. ಆ ಪವರನ್ನು ಯಾವ ಕೋನದಲ್ಲಿ ಕೂರಿಸಬೇಕೆಂದು ಆಕ್ಸಿಸ್ ಹೇಳುತ್ತದೆ. ಅದು 1ರಿಂದ 180ರೊಳಗಿನ ಅಂಕಿ. ಆಡ್ ಎಂಬುದು ಓದಲು ಸೇರಿಸಬೇಕಾದ ಪವರ್. 40 ದಾಟಿದವರಿಗೆ ಸಾಮಾನ್ಯವಾಗಿ ಬೇಕಾಗುತ್ತದೆ. ಪಿಡಿ ಎಂದರೆ ಎರಡು ಪಾಪೆಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಚೀಟಿಯಲ್ಲಿ ಇದನ್ನು ಎಷ್ಟೋ ಸಲ ಬರೆದಿರುವುದಿಲ್ಲ, ನೀವೇ ಬರೆಸಿಕೊಳ್ಳಿ. ಕಡಿಮೆ ಪವರಿನ ಸಾಮಾನ್ಯ ಕನ್ನಡಕವಾದರೆ ಈ ಚೀಟಿಯನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ ಊರಿನಲ್ಲಿ ಮಾಡಿಸಬಹುದು. ದೂರಕ್ಕೂ ಹತ್ತಿರಕ್ಕೂ ಸೇರಿದ ಪ್ರೊಗ್ರೆಸಿವ್ ಲೆನ್ಸನ್ನು ಹಾಗೆ ಮಾಡಿಸಬೇಡಿ. ನೀವು ಆರಿಸಿದ ಫ್ರೇಮನ್ನು ನಿಮ್ಮ ಮುಖದ ಮೇಲಿಟ್ಟೇ ಅದರ ಎತ್ತರ ಅಳೆಯಬೇಕು.

ಅಂಗಡಿಯವರು ಹೇಳುವ ಹೆಚ್ಚುವರಿಗಳೆಲ್ಲ ಬೇಕಿಲ್ಲ. ನೀಲಿ ಬೆಳಕು ತಡೆಯುವ ಲೆನ್ಸಿನಿಂದ ಕಂಪ್ಯೂಟರಿನ ಮುಂದೆ ಕಣ್ಣಿನ ದಣಿವು ಕಡಿಮೆಯಾಗುತ್ತದೆ ಎಂಬ ಮಾತಿಗೆ 2023ರ ಕಾಕ್ರೇನ್ ಪರಿಶೀಲನೆಯಲ್ಲಿ ಬಲ ಸಿಗಲಿಲ್ಲ. ಆ ಹಣವನ್ನು ಮಕ್ಕಳಿಗೂ ಕಾರ್ಖಾನೆಯಲ್ಲಿ ದುಡಿಯುವವರಿಗೂ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಲೆನ್ಸಿಗೆ ಕೊಡಿ. ಬೇಸಿಗೆಯಲ್ಲಿ ಕನ್ನಡಕವನ್ನು ಕಾರಿನೊಳಗೆ ಬಿಡಬೇಡಿ. ಆ ಕಾವಿಗೆ ಲೆನ್ಸಿನ ಲೇಪನ ಬಿರುಕು ಬಿಡುತ್ತದೆ. ಮರಳಿನ ಧೂಳು ಕುಳಿತಿದ್ದರೆ ಮೊದಲು ನೀರಿನಲ್ಲಿ ತೊಳೆದು ಆಮೇಲೆ ಒರೆಸಿ.

ನಮ್ಮ ಅಗತ್ಯಗಳನ್ನು ನಾವೇ ಬಾಯಿಬಿಟ್ಟು ಹೇಳಬೇಕು. ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ಕನ್ನಡಕ ತೆಗೆದಿಡುತ್ತೇವೆ. ಒಂದೇ ಕೈಯಿಂದ ಎಳೆದು ತೆಗೆದರೆ ಫ್ರೇಮ್ ಓರೆಯಾಗಿ, ಲೆನ್ಸಿನ ಕೇಂದ್ರ ಕಣ್ಣಿನ ನೇರಕ್ಕೆ ಬರುವುದಿಲ್ಲ. ಎರಡೂ ಕೈಯಿಂದ ತೆಗೆಯಿರಿ, ಲೆನ್ಸ್ ಕೆಳಮುಖವಾಗದಂತೆ ಇಡಿ. ಸುಜೂದ್‌ನಲ್ಲಿ ಹಣೆ, ಮೂಗು ನೆಲ ಮುಟ್ಟಲು ದೊಡ್ಡ ಫ್ರೇಮ್ ಅಡ್ಡಿಯಾಗುತ್ತದೆ, ಹಗುರವಾದುದನ್ನೇ ಆರಿಸಿ. ಹಿಜಾಬ್ ಧರಿಸುವ ಸಹೋದರಿಯರು ಹಿಜಾಬ್ ಇರುವಾಗಲೇ ಫ್ರೇಮ್ ಹಾಕಿ ನೋಡಬೇಕು. ದಪ್ಪ ಕಡ್ಡಿಯಾದರೆ ಕಿವಿಯ ಹಿಂದೆ ಒತ್ತಿ ತಲೆನೋವು ಬರುತ್ತದೆ. ನಿಕಾಬ್ ಧರಿಸುವವರು ಪರೀಕ್ಷೆಗೆ ಮಹಿಳಾ ಆಪ್ಟೋಮೆಟ್ರಿಸ್ಟ್ ಇದ್ದಾರೆಯೇ ಎಂದು ಫೋನಿನಲ್ಲೇ ವಿಚಾರಿಸಿ ಹೋಗುವುದು ಒಳಿತು. ಹಿರಿಯರು ತಾವು ಕುರ್‌ಆನ್ ಓದುವಾಗ ಮುಸ್‌ಹಫನ್ನು ಎಷ್ಟು ದೂರದಲ್ಲಿ ಇಡುತ್ತೇವೆಂದು ಕೈಯಿಂದಲೇ ತೋರಿಸಲಿ. ರೈಹಾಲ್ ಮೇಲಿನ ಮುಸ್‌ಹಫಿಗೂ ಕೈಯಲ್ಲಿರುವ ಮೊಬೈಲಿಗೂ ಅಂತರ ಒಂದೇ ಅಲ್ಲ.

ನಾನು ಯುನಾನಿ ವೈದ್ಯ. ಆದುದರಿಂದ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಕನ್ನಡಕ ಬಿಡಿಸುವ ಸುರ್ಮಾ, ನಂಬರ್ ಇಳಿಸುವ ಮದ್ದು ಎಂದು ಮಾರುವವರನ್ನು ನಂಬಬೇಡಿ. ಕಣ್ಣುಗುಡ್ಡೆಯ ಉದ್ದದಿಂದ ಬಂದ ಪವರನ್ನು ಯಾವ ಇತ್ರೀಫಲ್, ಯಾವ ಖಮೀರಾ ಕೂಡ ಇಳಿಸದು. ಮಾರುಕಟ್ಟೆಯ ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ, ಅದು ಮಕ್ಕಳ ಮೆದುಳಿಗೆ ವಿಷ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ 11ನೇ ಶತಮಾನದಲ್ಲೇ, ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಪ್ರವೇಶಿಸಿದಾಗ ನೋಟ ಉಂಟಾಗುತ್ತದೆಂದು ಪ್ರಯೋಗ ಮಾಡಿ ವಿವರಿಸಿದರು. ಅವರ ವಾರಸುದಾರರೆಂದು ಹೆಮ್ಮೆಪಡುವ ನಾವು ಪರೀಕ್ಷೆಯಿಂದ ತಪ್ಪಿಸಿಕೊಂಡು ಡಬ್ಬಿಯ ಮದ್ದಿಗೆ ಮೊರೆ ಹೋಗುವುದು ಸರಿಯಲ್ಲ.

ಎಲ್ಲವೂ ಕನ್ನಡಕದಿಂದ ಸರಿಹೋಗುವುದಿಲ್ಲ ಎಂಬುದೂ ನೆನಪಿರಲಿ. ಪವರ್ ಆಗಾಗ ಬದಲಾಗುತ್ತಿದ್ದರೆ ರಕ್ತದ ಸಕ್ಕರೆ ನೋಡಿಸಿ. ಸಕ್ಕರೆ ಏರಿಳಿಯುವಾಗ ಮಾಡಿಸಿದ ಕನ್ನಡಕ ಕೆಲವು ವಾರಗಳಲ್ಲೇ ಹೊಂದದೆ ಹೋಗಬಹುದು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣಿನ ವೈದ್ಯರಲ್ಲಿ ಹನಿ ಹಾಕಿಸಿ ರೆಟಿನಾ ತೋರಿಸಬೇಕು. ಆ ದಿನ ವಾಹನ ಓಡಿಸಬಾರದು. ಕುಟುಂಬದಲ್ಲಿ ಗ್ಲಾಕೋಮಾ ಇದ್ದವರು ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷಿಸಿಕೊಳ್ಳಲಿ. ಅದು ನೋವಿಲ್ಲದೆ ನೋಟ ಕದಿಯುವ ಕಾಯಿಲೆ. ದಿಢೀರನೆ ನೋಟ ಮಂಕಾದರೆ, ಮಿಂಚು ಕಂಡರೆ, ಪರದೆ ಇಳಿದಂತಾದರೆ ಅಂಗಡಿಗಲ್ಲ, ನೇರ ಆಸ್ಪತ್ರೆಗೆ ಹೋಗಿ.

ಕಣ್ಣು ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟ ಅಮಾನತ್. ಮಂಕು ಕಣ್ಣಿನಲ್ಲಿ ರಾತ್ರಿ ಟ್ಯಾಕ್ಸಿ ಓಡಿಸುವವನು ತನ್ನ ಜೀವವನ್ನಷ್ಟೇ ಅಲ್ಲ, ಹಿಂದೆ ಕುಳಿತವರ ಜೀವವನ್ನೂ ಪಣಕ್ಕಿಡುತ್ತಾನೆ. ಮನೆಗೆ ಹಣ ಕಳುಹಿಸಬೇಕೆಂದು ತಮ್ಮ ಕಣ್ಣಿನ ಖರ್ಚನ್ನು ಉಳಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರು ತಾವಾಗಿ ಹೇಳಿಕೊಳ್ಳುವುದಿಲ್ಲ, ಊರಿನಲ್ಲಿರುವ ನೀವೇ ಕೇಳಬೇಕು. ಈ ವಾರ ಅವರ ಫೋನ್ ಬಂದಾಗ ಮನೆಯ ಖರ್ಚಿನ ಮಾತಿಗೆ ಮೊದಲು ಇದೊಂದನ್ನು ಕೇಳಿ: ಕೊನೆಯ ಬಾರಿ ಕಣ್ಣು ಪರೀಕ್ಷೆ ಮಾಡಿಸಿದ್ದು ಯಾವಾಗ? ಉತ್ತರ ಎರಡು ವರ್ಷ ದಾಟಿದ್ದರೆ, ಈ ತಿಂಗಳು ಸ್ವಲ್ಪ ಕಡಿಮೆ ಕಳುಹಿಸಿ, ಮೊದಲು ಕಣ್ಣು ತೋರಿಸಿಕೊಳ್ಳಿ ಎಂದು ಹೇಳಿ.