ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮನುಷ್ಯ ಕದಲದಿದ್ದರೂ ಗಡಿ ಕದಲುತ್ತದೆ ಎಂಬುದನ್ನು ಗಡಿನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಸೇರಿತು. ಅದೇ ದಿನ ನಮ್ಮ ತಾಂಡೂರು ತಾಲೂಕು ಗುಲಬರ್ಗಾ ಜಿಲ್ಲೆಯಿಂದ, ಜಹೀರಾಬಾದು ಮತ್ತು ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಿಂದ ಕಳಚಿ ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ಅದೇ ನೆಲ ತೆಲಂಗಾಣವಾಯಿತು. ತಾಂಡೂರಿನ ಮಗ್ಗುಲಲ್ಲಿರುವ ನಮ್ಮ ಯಾಲಾಲಿನಲ್ಲಿ ನಿಜಾಮನ ಕಾಲಕ್ಕೆ ಹುಟ್ಟಿದವರು ಒಂದೇ ಅಂಗಳದಲ್ಲಿ ಕೂತು ನಾಲ್ಕು ಸರಕಾರಗಳನ್ನು ಕಂಡರು. ಇಂಥ ನೆಲದವರಾದ ನಾವೂ "ನುಸುಳುಕೋರರು ಬಂದರು" ಎಂಬ ಕೂಗಿಗೆ ಕಿವಿಗೊಟ್ಟು, ಕೂಗಿದವರಿಗೇ ವೋಟು ಹಾಕುತ್ತೇವಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳಲೇಬೇಕಾಗಿದೆ.

ಹೈದರಾಬಾದಿನ ಉದಾಹರಣೆ ನಮಗೆ ತೀರ ಹತ್ತಿರದ್ದು. 2020ರ ಅಕ್ಟೋಬರಿನ ಮಹಾಮಳೆಗೆ ನಗರದ ಅನೇಕ ಬಡಾವಣೆಗಳು ನೀರಲ್ಲಿ ನಿಂತವು. ಕೆರೆಗಳನ್ನು ನುಂಗಿದವರು ಯಾರು, ಮೋರಿಗಳು ಏಕೆ ಕಟ್ಟಿಕೊಂಡವು, ಪರಿಹಾರದ ಹತ್ತು ಸಾವಿರ ಯಾರ ಕೈಗೆ ಹೋಯಿತು ಎಂಬ ಪ್ರಶ್ನೆಗಳು ಜನರ ಬಾಯಲ್ಲಿದ್ದವು. ಡಿಸೆಂಬರ್ 1ರಂದು ನಗರಪಾಲಿಕೆಯ ಮತದಾನ. ಪ್ರಚಾರದಲ್ಲಿ ಬಿಜೆಪಿಯ ರಾಜ್ಯಾಧ್ಯಕ್ಷರು, ಗೆದ್ದರೆ ಹಳೆ ನಗರದ ಮೇಲೆ 'ಸರ್ಜಿಕಲ್ ಸ್ಟ್ರೈಕ್' ಮಾಡಿ ರೋಹಿಂಗ್ಯಾಗಳನ್ನು ಹೊರಹಾಕುವುದಾಗಿ ಸಾರಿದರು. ಬರ್ಮಾದಿಂದ ಪ್ರಾಣ ಉಳಿಸಿಕೊಳ್ಳಲು ಓಡಿಬಂದು ಆ ಮಹಾನಗರದ ಅಂಚಿನಲ್ಲಿ ತಗಡು, ಟಾರ್ಪಾಲಿನ ಕೆಳಗೆ ಬದುಕುತ್ತಿದ್ದವರು ಕೆಲವೇ ಸಾವಿರ ಜನ. ಆದರೂ ಮೋರಿಯ ಪ್ರಶ್ನೆ ಹಿಂದೆ ಸರಿದು ರೋಹಿಂಗ್ಯಾ ಪ್ರಶ್ನೆ ಮುಂದೆ ಬಂತು. 2016ರಲ್ಲಿ 150ರಲ್ಲಿ 4 ಸ್ಥಾನ ಗೆದ್ದಿದ್ದ ಪಕ್ಷ 48 ಗೆದ್ದಿತು. ಈ ಗೆಲುವಿಗೆ ಬೇರೆ ಕಾರಣಗಳೂ ಇದ್ದವು. ಆಳುವ ಪಕ್ಷದ ಮೇಲಿನ ಸಿಟ್ಟೇ ದೊಡ್ಡದಿತ್ತು. ನಾನು ಹೇಳುವುದೂ ಇದನ್ನೇ. ಸಿಟ್ಟು ನಿಜವಾದದ್ದು, ಆದರೆ ಅದಕ್ಕೆ ತೋರಿಸಿದ ವಿಳಾಸ ಸುಳ್ಳು.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಜರ್ಮನಿಯ ಎ.ಎಫ್.ಡಿ. ಎಂಬ ಕಡು ಬಲಪಂಥೀಯ ಪಕ್ಷ 2013ರಲ್ಲಿ ಹುಟ್ಟಿದ್ದು ಯೂರೋ ನಾಣ್ಯವನ್ನು ವಿರೋಧಿಸಲು. 2015ರಲ್ಲಿ ಸಿರಿಯಾದ ನಿರಾಶ್ರಿತರು ಬಂದ ಮೇಲೆ ಅದಕ್ಕೆ ಹೊಸ ಜೀವ ಬಂತು. 2017ರಲ್ಲಿ ನೂರಕ್ಕೆ 12.6, 2025ರಲ್ಲಿ 20.8 ಮತ ಪಡೆಯಿತು. ಗಮನಿಸಬೇಕಾದ ಅಂಶವೆಂದರೆ, ಅದಕ್ಕೆ ಮತ ಹೆಚ್ಚು ಬಿದ್ದದ್ದು ಪರದೇಶಿಯರು ಕಡಿಮೆ ಇರುವ ಪೂರ್ವ ಭಾಗದಲ್ಲಿ. ಕಾರ್ಖಾನೆ ಮುಚ್ಚಿ, ಮಕ್ಕಳು ಊರು ಬಿಟ್ಟು ಹೋದ ಕಡೆ. ಪಕ್ಕದ ಮನೆಯಲ್ಲಿರುವವನ ಬಗ್ಗೆ ಹುಟ್ಟದ ಭಯ, ಕಣ್ಣಿಂದ ನೋಡದವನ ಬಗ್ಗೆ ಹುಟ್ಟುತ್ತದೆ. ಯಾಲಾಲಿನಲ್ಲಿಯೂ ರೋಹಿಂಗ್ಯಾಗಳ ಸುದ್ದಿ ಹೇಳುವವರು ಬಹಳ. ಕಂಡವರನ್ನು ನಾನು ಕಂಡಿಲ್ಲ.

"ಹಾಗಾದರೆ ಯಾರು ಬೇಕಾದರೂ ಬರಲೇ? ಕಾಗದಪತ್ರ ಬೇಡವೇ? ನಮ್ಮ ಕೂಲಿ ಬೀಳುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಗಡಿ ಕಾಯುವುದು ಸರಕಾರದ ಕೆಲಸ, ಅದನ್ನು ಅದು ಮಾಡಲಿ. ಆದರೆ ಕೂಲಿ ಬೀಳಿಸುವವನು ಯಾರು? ಕಾಗದವಿಲ್ಲದವನು ಪೊಲೀಸು ಠಾಣೆಗೆ ಹೋಗಲಾರ, ಸಂಘ ಕಟ್ಟಲಾರ, ಕೊಟ್ಟಷ್ಟಕ್ಕೆ ಕೈಯೊಡ್ಡುತ್ತಾನೆ. ಅವನಿಗೆ ಹೆದರಿಕೆ ಹೆಚ್ಚಿದಷ್ಟೂ ಗುತ್ತೇದಾರನಿಗೆ ಲಾಭ. ಅವನನ್ನು ಹೆದರಿಸುವ ರಾಜಕಾರಣ ಅವನ ಕೂಲಿಯನ್ನು ಇನ್ನಷ್ಟು ಇಳಿಸುತ್ತದೆ, ಅದರ ಜತೆಗೆ ನಮ್ಮ ಕೂಲಿಯನ್ನೂ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲೇ ಕಾಯಿದೆ ಬಂದಿತ್ತು. 2020ರ ಲಾಕ್‌ಡೌನಿನಲ್ಲಿ ಜನ ಮಕ್ಕಳನ್ನು ಹೊತ್ತು ನೂರಾರು ಮೈಲಿ ನಡೆದಾಗ ಅದು ಎಲ್ಲಿತ್ತು ಎಂದು ಈ ದೇಶಭಕ್ತರು ಕೇಳಿದ್ದುಂಟೇ?

ಕೊನೆಗೆ ಪೆಟ್ಟು ಬೀಳುವುದು ಯಾರಿಗೆ? 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳಿದ್ದಾರೆಂದು ಆಪಾದಿಸಿ ಕೂಲಿಕಾರರ ಗುಡಿಸಲುಗಳನ್ನು ನೆಲಸಮ ಮಾಡಿದರು. ಅಲ್ಲಿದ್ದವರಲ್ಲಿ ಅಸ್ಸಾಮು, ತ್ರಿಪುರಾದವರ ಜತೆಗೆ ಉತ್ತರ ಕರ್ನಾಟಕದ ಅಚ್ಚ ಕನ್ನಡಿಗರೂ ಇದ್ದರು. ಆಧಾರ್, ವೋಟಿನ ಚೀಟಿ ತೋರಿಸಿದರೂ ಕೇಳುವವರಿರಲಿಲ್ಲ. ಹೈಕೋರ್ಟು ಮಧ್ಯೆ ಬಂದು ಇದು ಕಾನೂನಿಗೆ ವಿರುದ್ಧ ಎನ್ನಬೇಕಾಯಿತು. ನಮ್ಮ ಗಡಿಭಾಗದ ಜನ ಗಾರೆ ಕೆಲಸಕ್ಕೆ ಹೋಗುವುದೂ ಅದೇ ಬೆಂಗಳೂರಿಗೆ, ಅದೇ ಹೈದರಾಬಾದಿಗೆ. ಬ್ಯಾಂಕಿನ ಗುಮಾಸ್ತನಾಗಿ ಅವರ ಕಾಗದಪತ್ರಗಳನ್ನು ನಾನು ದಿನವೂ ನೋಡುತ್ತೇನೆ. ಆಧಾರಿನಲ್ಲಿ ಭೀಮವ್ವ, ರೇಶನ್ ಕಾರ್ಡಿನಲ್ಲಿ ಭೀಮಮ್ಮ, ಪಾಸ್‌ಬುಕ್ಕಿನಲ್ಲಿ ಭೀಮಾಬಾಯಿ. ಕನ್ನಡದ ಹೆಸರನ್ನು ತೆಲುಗಿನಲ್ಲಿ ಬರೆದವನೊಬ್ಬ, ಇಂಗ್ಲಿಷಿನಲ್ಲಿ ಟೈಪು ಮಾಡಿದವನೊಬ್ಬ. ಮೂವರೂ ಒಬ್ಬಳೇ ಎಂದು ಕೌಂಟರಿನಲ್ಲಿ ಕೂತ ನನಗೆ ಗೊತ್ತು. ಬುಲ್ಡೋಜರಿಗೆ ಗೊತ್ತೇ?

ಪಟ್ಟಿ ಮಾಡಿ ನೋಡಿದ್ದೂ ಆಗಿದೆ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಬಹಳ ಮಂದಿ ಇರುವುದು ಕಂಡೊಡನೆ, ಪಟ್ಟಿ ಬೇಕೆಂದು ಗುಡುಗಿದವರೇ ಅದು ಸರಿಯಿಲ್ಲವೆಂದರು. ಅಂದರೆ ಅವರಿಗೆ ಬೇಕಾಗಿದ್ದುದು ಲೆಕ್ಕವಲ್ಲ, ಹಗೆ.

ಈ ವಾರ್ಷಿಕವನ್ನು ಎರಡು ಭಾಷೆಗಳಲ್ಲಿ ಓದುವವರಿಗೆ ಎರಡು ನೆನಪುಗಳನ್ನು ಕೊಡುತ್ತೇನೆ. 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ 'ಲುಂಗಿವಾಲಾ'ಗಳು. ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪತ್ರಿಕೆಯಲ್ಲಿ ಪಟ್ಟಿ ಮಾಡಿ ಹಾಕಿದರು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಲುಂಗಿಯುಟ್ಟವನು ಕನ್ನಡಿಗನೋ ಮಲಯಾಳಿಯೋ ಎಂದು ಕಲ್ಲು ಕೇಳಲಿಲ್ಲ. ಅದೇ ಸೇನೆ ಬಿಜೆಪಿಯ ಜತೆ 1995ರಲ್ಲಿ ಅಧಿಕಾರಕ್ಕೆ ಬಂದಾಗ ಗುರಿ ಬಾಂಗ್ಲಾದೇಶಿಗಳ ಕಡೆ ತಿರುಗಿತ್ತು. ಎರಡನೆಯ ನೆನಪು ಕೊಲ್ಲಿಯದು. ಅರವತ್ತರ ದಶಕದಲ್ಲಿ ವೀಸಾ ಇಲ್ಲದೆ ಲಾಂಚಿಯಲ್ಲಿ ಹೋಗಿ, ಖೋರ್ ಫಕ್ಕಾನಿನ ದಡದ ಸಮೀಪ ಸಮುದ್ರಕ್ಕೆ ಧುಮುಕಿ, ಈಜಿ ದಡ ಸೇರಿದವರು ಯಾರ ಅಣ್ಣತಮ್ಮಂದಿರು? ಆಮೇಲೆ ಪ್ರತಿಸಲ 'ಪೊದುಮಾಪ್ಪು' ಸಾರಿದಾಗ ಸಾಲಿನಲ್ಲಿ ನಿಂತವರು ಯಾರು? ಅವರು ಕಳುಹಿಸಿದ ಹಣದಿಂದ ಎದ್ದ ಮನೆಗಳ ಜಗಲಿಯಲ್ಲೇ ಕೂತು ಇಂದು ನುಸುಳುಕೋರರನ್ನು ಬೈಯುತ್ತಿದ್ದೇವೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವೈದ್ಯ ಇದು. ಎತ್ತಿನ ಜ್ವರ ಇಳಿಯುವುದಿಲ್ಲ. ಎಮ್ಮೆ ಸತ್ತರೆ ನಾಳೆ ಬರೆಗೆ ಇನ್ನೊಂದು ಬೆನ್ನು ಬೇಕಾಗುತ್ತದೆ. ಮುಂದಿನ ಚುನಾವಣೆಗೆ ನಿಮ್ಮ ಬಾಗಿಲಿಗೆ ಬಂದು ನುಸುಳುಕೋರರ ಹೆಸರೆತ್ತುವವರಿಗೆ ಮೂರು ಪ್ರಶ್ನೆ ಹಾಕಿ: ನಮ್ಮ ತೊಗರಿಗೆ ದರ ಎಷ್ಟು ಕೊಡಿಸುತ್ತೀರಿ? ಕಲ್ಲಿನ ಗಣಿಯಲ್ಲಿ ದುಡಿಯುವವನಿಗೆ ದಿನಗೂಲಿ ಎಷ್ಟು? ಊರು ಬಿಟ್ಟು ಹೋದ ನಮ್ಮ ಮಕ್ಕಳನ್ನು ಅಲ್ಲಿ ಯಾರಾದರೂ ಬಾಂಗ್ಲಾದೇಶಿ ಎಂದರೆ ನೀವು ಎಲ್ಲಿ ನಿಲ್ಲುತ್ತೀರಿ? ಉತ್ತರ ಬರುವ ತನಕ ನಿಮ್ಮ ವೋಟು ನಿಮ್ಮ ಕೈಯಲ್ಲೇ ಇರಲಿ.