ಸ್ವರ ಕೊಳ್ಳಲಾಗದ ಆಟ

ಅಮೆರಿಕದ ಟಿ.ವಿ.ಯಲ್ಲಿ 1975ರಲ್ಲಿ ಆರಂಭವಾದ ‘ವೀಲ್ ಆಫ್ ಫಾರ್ಚೂನ್’ ಪದ ಬಿಡಿಸುವ ಸ್ಪರ್ಧೆ. ಮುಂದೆ ಅದು ನಿಂಟೆಂಡೊ ವಿಡಿಯೊ ಗೇಮ್ ಆಗಿಯೂ ಬಂತು. ಜೊತೆಗಾರರಿಲ್ಲದಿದ್ದರೆ ಯಂತ್ರವೇ ಎದುರಾಳಿ. ಚಕ್ರ ತಿರುಗಿಸಿ ವ್ಯಂಜನ ಊಹಿಸಬೇಕು. ಸ್ವರ ಬೇಕಾದರೆ ಗೆದ್ದ ಹಣ ತೆತ್ತು ಕೊಳ್ಳಬೇಕು.

ಇದನ್ನೇ ಕನ್ನಡದಲ್ಲಿ ಆಡಿದರೆ? ಉತ್ತರ ಬೆಂಗಳೂರಿನ ಊರುಗಳನ್ನೇ ನೋಡಿ. ಯಲಹಂಕಕ್ಕೆ ಇಂಗ್ಲಿಷಿನಲ್ಲಿ 9 ಚೌಕ, ಕನ್ನಡದಲ್ಲಿ 4. ಹೆಬ್ಬಾಳಕ್ಕೆ ಅಲ್ಲಿ 6, ಇಲ್ಲಿ 3. ಸ್ವರವನ್ನು ಬಿಡಿಯಾಗಿ ಕೊಳ್ಳುವಂತೆಯೂ ಇಲ್ಲ. ‘ಹೆ’ಯಲ್ಲಿನ ಎಕಾರ ಹಕಾರಕ್ಕೆ ಅಂಟಿಕೊಂಡೇ ಬರುತ್ತದೆ. ಆದ್ದರಿಂದ ನಿಯಮ ಬದಲಿಸಿಕೊಳ್ಳಿ. ‘ಹ’ ಎಂದು ಊಹಿಸಿದವರಿಗೆ ‘ಹ’ವನ್ನಷ್ಟೇ ಬರೆದು ತೋರಿಸಿ, ಅದು ಹಾ, ಹಿ, ಹೆಗಳಲ್ಲಿ ಯಾವುದೆಂದು ಅವರೇ ಹೇಳಲಿ. ಒತ್ತಕ್ಷರ ಗುರುತಿಸಿದರೆ ಇಮ್ಮಡಿ ಅಂಕ.

ಹೆಬ್ಬಾಳದ ಕೊನೆಯ ಚೌಕಕ್ಕೆ ಮಕ್ಕಳು ‘ಲ’ ಎಂದರೆ ಮಾತ್ರ ಅಂಕ ಕೊಡಬೇಡಿ. ಇಂಗ್ಲಿಷ್ ಬೋರ್ಡಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ಅದನ್ನಷ್ಟೇ ಓದಿ ಬೆಳೆದ ಮಗುವಿಗೆ ತಾನಿರುವ ಊರೇ ‘ಹೆಬ್ಬಾಲ್’ ಆಗಿಬಿಡುತ್ತದೆ.

ಪಾಲಕರೇ, ರಾತ್ರಿ ಊಟದ ನಂತರ ಹತ್ತು ನಿಮಿಷ ಮಕ್ಕಳೊಡನೆ ಕುಳಿತುಕೊಳ್ಳಿ. ಕಾಗದ, ಪೆನ್ಸಿಲ್ ಸಾಕು. ಚಕ್ರದ ಬದಲು ದಾಳ ಉರುಳಿಸಿ. ಮೊದಲ ಒಗಟು ಇಲ್ಲಿದೆ: ನಗರದ ಉತ್ತರಕ್ಕೆ ದೊಡ್ಡ ರೈಲು ನಿಲ್ದಾಣವಿರುವ ಜಾಗ, 6 ಚೌಕ, ಕೊನೆಯದು ‘ರ’.