ಮೋತಿಗೂ ಸೊಳ್ಳೆ ಕಚ್ಚುತ್ತದೆ

ಪ್ರಿಯ ಮಕ್ಕಳೇ,

ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ನಮಗೆಲ್ಲ ಮಲೇರಿಯಾ, ಡೆಂಗ್ಯೂ ಭಯ. ಸಂಜೆಯಾಗುತ್ತಲೇ ಕಿಟಕಿ ಮುಚ್ಚುತ್ತೇವೆ. ಬಾಗಿಲ ಬಳಿ ಮಲಗಿದ ನಾಯಿಯನ್ನೂ ಸೊಳ್ಳೆ ಕಚ್ಚುತ್ತದೆ ಎಂಬುದು ನನಗಂತೂ ಹೊಳೆದಿರಲಿಲ್ಲ.

ಕಳೆದ ವರ್ಷ ಅಮೆರಿಕದಿಂದ ಬಂದಿದ್ದ ಅಕ್ಕನ ಮಗ ಕೇಳಿದ: "ಚಿಕ್ಕಮ್ಮ, ಮೋತಿಗೆ ಹೃದಯದ ಹುಳುವಿನ ಮಾತ್ರೆ ಕೊಡುವುದಿಲ್ಲವೇ? ನಮ್ಮಲ್ಲಿ ತಿಂಗಳಿಗೊಂದು ಕೊಡುತ್ತೇವೆ." ಮರುದಿನವೇ ಪಶುವೈದ್ಯರ ಬಳಿ ಓಡಿದೆ. ಅವರು "ಮೊದಲು ರಕ್ತ ಪರೀಕ್ಷೆ" ಎಂದರು. ಸುಮ್ಮನೆ ಖರ್ಚು ಎಂದು ಮನಸ್ಸಿನಲ್ಲೇ ಗೊಣಗಿದೆ. ಆದರೆ ಮೋತಿಯ ರಕ್ತದಲ್ಲಿ ಮರಿಹುಳುಗಳಿದ್ದವು! ಅಂಥ ನಾಯಿಗೆ ಪರೀಕ್ಷೆಯಿಲ್ಲದೆ ಮಾತ್ರೆ ಕೊಟ್ಟರೆ, ಹುಳುಗಳು ಒಮ್ಮೆಲೇ ಸತ್ತು ಪ್ರಾಣಕ್ಕೇ ಅಪಾಯವಾಗಬಹುದಂತೆ.

ಹೃದಯದ ಹುಳುವಿನ ಮರಿ ಸೊಳ್ಳೆಯ ಮೂಲಕ ನಾಯಿಯ ಮೈ ಸೇರಿ, ಆರೇಳು ತಿಂಗಳಲ್ಲಿ ಬಲಿತು, ಹೃದಯ ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ನೆಲೆಸುತ್ತದೆ. ಹೆಣ್ಣುಹುಳು ಸುಮಾರು 30 ಸೆಂಟಿಮೀಟರ್ ಉದ್ದ! ಕೆಮ್ಮು, ಬೇಗನೆ ಆಯಾಸ ಕಾಣಿಸುವ ಹೊತ್ತಿಗೆ ರೋಗ ಬೇರೂರಿರುತ್ತದೆ. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಈಶಾನ್ಯ ರಾಜ್ಯಗಳಲ್ಲಿ ಕಂಡುಬಂದಿದೆ. ಮೋತಿಯದು ಅದರ ದಾಯಾದಿ, ಚರ್ಮದಡಿ ವಾಸಿಸುವ ಡೈರೋಫೈಲೇರಿಯಾ ರೆಪೆನ್ಸ್. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಂಬಯಿಯ ನಾಯಿಗಳಲ್ಲಿ ಈ ಹುಳು ಸಿಕ್ಕಿತ್ತು. ಸೊಳ್ಳೆಯಿಂದ ಇದು ಮನುಷ್ಯರಿಗೂ ತಗಲುತ್ತದೆ. ಕೇರಳದಲ್ಲಿ, ನಮ್ಮ ಕರಾವಳಿ ಕರ್ನಾಟಕದಲ್ಲಿ ಜನರ ಕಣ್ಣಿನಿಂದಲೇ ಇದನ್ನು ವೈದ್ಯರು ಹೊರತೆಗೆದಿದ್ದಾರೆ.

ಬೆಕ್ಕು ಸಾಕಿದವರೂ ಕೇಳಿ. ಬೆಕ್ಕಿನಲ್ಲಿ ಹೃದಯದ ಹುಳುಗಳ ಸಂಖ್ಯೆ ಕಡಿಮೆ, ಆದರೆ ಒಂದೆರಡೇ ಸಾಕು ಉಸಿರು ಕಟ್ಟಿಸಲು. ಬಲಿತ ಹುಳುಗಳನ್ನು ಕೊಲ್ಲಲು ನಾಯಿಗೆ ಕೊಡುವ ಮದ್ದು ಬೆಕ್ಕಿಗೆ ಆಗದು. ಮನೆಯೊಳಗೇ ಇರುವ ಬೆಕ್ಕಿಗೂ ಸೊಳ್ಳೆಯ ಕಾಟ ತಪ್ಪಿದ್ದಲ್ಲ. ಆದ್ದರಿಂದ ಮುಂಜಾಗ್ರತೆಯೇ ಮದ್ದು.

ಇನ್ನೊಂದು ಮಾತು. ಈ ಮಾತ್ರೆ ಬರುವ ತಿಂಗಳಿಗೆ ಕಟ್ಟಿದ ರಕ್ಷೆಯಲ್ಲ, ಕಳೆದ ತಿಂಗಳು ಒಳಹೊಕ್ಕ ಮರಿಗಳನ್ನು ಗುಡಿಸಿಹಾಕುವ ಪೊರಕೆ. ಮರೆತರೆ ಮರಿಗಳು ಬಲಿಯುತ್ತವೆ.

ವೈದ್ಯರ ಚಿಕಿತ್ಸೆಯಿಂದ ಮೋತಿ ಈಗ ಚೆನ್ನಾಗಿದ್ದಾನೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ, ಪ್ರತಿ 1ನೇ ತಾರೀಕಿಗೆ ಅವನ ಹೆಸರಿದೆ.

ಮಕ್ಕಳೇ, ನಾಯಿ ಬೇಕೆಂದು ಹಟ ಹಿಡಿದವರು ನೀವು. ಈ ವಾರವೇ ಅದನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಾಲ್ಕನಿಯ ಕುಂಡದ ತಟ್ಟೆಯಲ್ಲಿ ನಿಂತ ನೀರನ್ನೂ ಚೆಲ್ಲಿಬಿಡಿ. ಬಾಯಿ ಇಲ್ಲದ ಜೀವದ ಪರವಾಗಿ ನೆನಪಿಡಬೇಕಾದವರು ನಾವೇ ಅಲ್ಲವೇ?

ನಿಮ್ಮ ಚಿಕ್ಕಮ್ಮ